ಅಕ್ಕನಿಗೆ, ಮತ್ತು 'ಈಗ ಬೇಡ' ಅಂದ ಡಾಕ್ಟರಿಗೆ

ಅಕ್ಕ ಕೊಟ್ಟ ಕಿಡ್ನಿಗೆ ಈ ನವೆಂಬರ್‌ಗೆ ಐದು ವರ್ಷ ತುಂಬಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮೊನ್ನೆಯ ರಿಪೋರ್ಟಿನಲ್ಲಿ 1.2. ಡಾಕ್ಟರಿಗೂ ಖುಷಿ, ನನಗೂ ಖುಷಿ. ಕೊರೊನಾ ಕಾಲದಲ್ಲಿ ನನ್ನನ್ನು ದಾಟಿಸಿದವರಿಗೆ ಇನ್ನೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಅದಕ್ಕೇ ಈ ಬರಹ.

ನಮ್ಮ ಆಪರೇಷನ್ 2020ರ ಏಪ್ರಿಲ್‌ನಲ್ಲೇ ಆಗಬೇಕಿತ್ತು. ಅಕ್ಕನ ಕಿಡ್ನಿ ನನಗೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ರಕ್ತಪರೀಕ್ಷೆ ಆಗಿತ್ತು. ಕಸಿಗೆ ಅನುಮತಿ ಕೊಡುವ ಕಮಿಟಿಯ ಒಪ್ಪಿಗೆಯೂ ಸಿಕ್ಕಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಬದುಕಿರುವವರಿಂದ ಅಂಗ ಪಡೆದು ಮಾಡುವ ಕಸಿಯನ್ನು, ತುರ್ತು ಇಲ್ಲದಿದ್ದರೆ ಸದ್ಯಕ್ಕೆ ನಿಲ್ಲಿಸಿ ಎಂದು ದೇಶದ ಅಂಗಾಂಗ ಕಸಿಯ ಉಸ್ತುವಾರಿ ನೋಡುವ ದೆಹಲಿಯ ನೋಟೋ ಸಂಸ್ಥೆ ಸಲಹೆ ಕೊಟ್ಟಿತು. ನಮ್ಮ ಡಾಕ್ಟರು ಫೋನ್ ಮಾಡಿ, "ಈಗ ಬೇಡ" ಅಂದರು.

ಅವರು ಸುಮ್ನೆ ಮುಂದೂಡಲಿಲ್ಲ. ಕೂತು ಬಿಡಿಸಿ ಹೇಳಿದರು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ಕೊಡುವ ಔಷಧಿ ರೋಗದ ಜೊತೆ ಹೋರಾಡುವ ಶಕ್ತಿಯನ್ನೇ ತಗ್ಗಿಸುತ್ತದೆ. ಮೊದಲ ತಿಂಗಳುಗಳಲ್ಲಿ ಅದರ ಡೋಸ್ ಜಾಸ್ತಿ. ಆಗಲೇ ಕೊರೊನಾ ತಗುಲಿದರೆ? "ಲಿವರ್ ಪೂರ್ತಿ ಕೈಕೊಟ್ಟವರಿಗೆ ಕಾಯೋಕೆ ದಾರಿ ಇಲ್ಲ. ನಿಮಗೆ ಡಯಾಲಿಸಿಸ್ ಇದೆ. ಮತ್ತೆ ನಿಮ್ಮಕ್ಕ ಯಾವ ಕಾಯಿಲೆಯೂ ಇಲ್ಲದವರು. ಅವರನ್ನ ಈ ಟೈಮಲ್ಲಿ ಆಸ್ಪತ್ರೆಗೆ ಕರೆಸೋಕೆ ನಂಗೆ ಮನಸ್ಸಿಲ್ಲ," ಅಂದರು. ಆ ದಿನ ಅತ್ತೆ. ಇವತ್ತು ಅನ್ನಿಸುತ್ತದೆ, ಆಪರೇಷನ್ ಮಾಡಿದ್ದಕ್ಕಿಂತ ಆಗ ಮಾಡದೇ ಇದ್ದದ್ದಕ್ಕೇ ಅವರಿಗೆ ಮೊದಲು ಕೈ ಮುಗಿಯಬೇಕು.

ಆಮೇಲೆ ನನ್ನನ್ನು ಉಳಿಸಿದವರು ದಾವಣಗೆರೆಯ ಡಯಾಲಿಸಿಸ್ ಟೆಕ್ನಿಷಿಯನ್‌ಗಳು. ಊರೆಲ್ಲ ಬಾಗಿಲು ಹಾಕಿದರೂ ಡಯಾಲಿಸಿಸ್ ನಿಲ್ಲಿಸುವ ಹಾಗಿಲ್ಲ. ಎರಡು ಸಲ ತಪ್ಪಿದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. ಪಾಸಿಟಿವ್ ಬಂದವರಿಗೆ ಬೇರೆ ಮೆಷಿನ್, ಬೇರೆ ಶಿಫ್ಟ್ ಮಾಡಿದರು. ಪಿಪಿಇ ಕಿಟ್ ಹಾಕಿಕೊಂಡು ನಾಲ್ಕು ಗಂಟೆ ಕೆಳಗೆ ಕೂರದೆ ನಿಂತಿರುತ್ತಿದ್ದರು, ಒಳಗೆ ಅಂಗಿ ಒದ್ದೆ. ಬಸ್ ಇಲ್ಲದ ಹಳ್ಳಿಯವರಿಗೆ ಪಾಸ್ ಬೇಕೆಂದು ಅವರೇ ಕಚೇರಿಗೆ ಫೋನ್ ಮಾಡುತ್ತಿದ್ದರು. ಅದು ಅವರ ಕೆಲಸ ಆಗಿರಲಿಲ್ಲ ಅಲ್ವಾ!

ನನಗಾದರೂ ಅಕ್ಕ ಇದ್ದಳು. ಪಕ್ಕದ ಬೆಡ್‌ನವರಿಗೆ ಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅವರ ಹೆಸರು, ದಾನವಾಗಿ ಬಂದ ಅಂಗಾಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿತ್ತು. ಕರ್ನಾಟಕದಲ್ಲಿ 2019ರಲ್ಲಿ ಮೆದುಳು ಸಾವಿನ ನಂತರ ಅಂಗದಾನ ಮಾಡಿದವರು 105 ಮಂದಿ. 2020ರಲ್ಲಿ ಅದು 35ಕ್ಕೆ ಇಳಿಯಿತು. ಐಸಿಯುಗಳು ಕೊರೊನಾ ರೋಗಿಗಳಿಂದ ತುಂಬಿದ್ದವು. ದಾನಿಗೂ ಟೆಸ್ಟ್ ನೆಗೆಟಿವ್ ಬರಬೇಕಿತ್ತು, ಅದೂ ಕೆಲವೇ ಗಂಟೆಗಳಲ್ಲಿ. ತಮ್ಮವರನ್ನು ನೋಡಲು ಒಳಗೆ ಬಿಡದ ದಿನಗಳಲ್ಲೂ "ಆಗಲಿ, ಕೊಡ್ತೀವಿ" ಅಂದ ಆ 35 ಮನೆಗಳನ್ನು ನಾನು ಮರೆಯಲಾರೆ. ಎರಡನೇ ಅಲೆ ಇನ್ನೂ ಪೂರ್ತಿ ಇಳಿಯದ 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ ಅವರು ಕೊರೊನಾ ರೋಗಿಗಳ ನೆರವಿಗೆ ಓಡಾಡುತ್ತಿದ್ದರು. ಅವರ ಮನೆಯವರೂ ಅಂಗಾಂಗ ಕೊಟ್ಟರು. ಡಯಾಲಿಸಿಸ್ ರೂಮಿನಲ್ಲಿದ್ದ ಪ್ರತಿಯೊಬ್ಬರಿಗೂ ಇಂಥ ಸುದ್ದಿ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ಹೇಳುವುದು ಕಷ್ಟ.

ನಮ್ಮ ಸರದಿ ಬಂದಾಗ ಬೆಂಗಳೂರಿನ ಆಸ್ಪತ್ರೆಯ ವ್ಯವಸ್ಥೆಯೇ ಬದಲಾಗಿತ್ತು. ಕಸಿಯವರಿಗೆ ಬೇರೆ ಮಹಡಿ, ಬೇರೆ ಲಿಫ್ಟ್, ಕೋವಿಡ್ ವಾರ್ಡಿಗೆ ಹೋಗದ ಬೇರೆ ನರ್ಸ್‌ಗಳು. ಇಬ್ಬರಿಗೂ ಆರ್‌ಟಿ-ಪಿಸಿಆರ್, ಎದೆಯ ಸಿಟಿ ಸ್ಕ್ಯಾನ್. ಜೊತೆಗೆ ಒಬ್ಬರೇ ಇರಬೇಕು. ಮನೆಗೆ ಬಂದಮೇಲೆ ಬೆಂಗಳೂರಿಗೆ ಪದೇ ಪದೇ ಓಡುವುದು ತಪ್ಪಿತು. ಬಿಪಿ, ತೂಕ, ಮೂತ್ರದ ಅಳತೆ ಬರೆದು ವಾಟ್ಸ್ಯಾಪ್ ಮಾಡುತ್ತಿದ್ದೆ. ಲ್ಯಾಬಿನ ಹುಡುಗ ಮನೆಗೇ ಬಂದು ರಕ್ತ ತೆಗೆಯುತ್ತಿದ್ದ. ಮಧ್ಯರಾತ್ರಿ ಜ್ವರ ಬಂತೆಂದು ಫೋನ್ ಮಾಡಿದರೂ ಕೋಆರ್ಡಿನೇಟರ್ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲರಿಗೂ ನಮಸ್ಕಾರ.

ಅಕ್ಕಾ, ನಿನಗೆ ಏನು ಹೇಳಲಿ? ಕಾಯುವಾಗ ಮನಸ್ಸು ಬದಲಿಸಲು ನಿನಗೆ ಎಷ್ಟೋ ಕಾರಣ ಇತ್ತು. ದಿನವೂ ಟಿವಿಯಲ್ಲಿ ಸಾವಿನ ಸುದ್ದಿ, ನೆಂಟರ ಬುದ್ಧಿಮಾತು. ನೀನು ಕೇಳಿದ್ದು ಒಂದೇ, "ಡೇಟ್ ಯಾವಾಗ ಕೊಡ್ತಾರಂತೆ?" ಆಪರೇಷನ್‌ಗೆ ಮುಂಚೆ ಮಕ್ಕಳನ್ನು ಮುಟ್ಟದೆ ಮಹಡಿ ರೂಮಿನಲ್ಲಿ ನೀನು ಒಬ್ಬಳೇ ಇದ್ದೆ. ಭಾವ ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದರು. ಭಾವ, ನಿಮಗೂ ನಾನು ಋಣಿ.

ಕಿಡ್ನಿ ಕೊಟ್ಟವರಿಗೂ ವರ್ಷಕ್ಕೊಮ್ಮೆ ಚೆಕಪ್ ಆಗಬೇಕು. ನಿನ್ನದು ಈ ವರ್ಷ ಇನ್ನೂ ಬಾಕಿ ಇದೆ ಅಕ್ಕಾ. ಸೋಮವಾರ ಬೆಳಿಗ್ಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಖಾಲಿ ಹೊಟ್ಟೆಯಲ್ಲಿರು.