ಧರಣಿ ಕೂರುವ ಮುನ್ನ

ಚಿರಂಜೀವಿ ಮಗಳಿಗೆ ಮಂಗಳೂರಿನಿಂದ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಮಹಿಳಾ ಮಂಡಲದವರು ಶಾಲೆಯ ದಾರಿಯಲ್ಲಿರುವ ಬಾರಿನ ಎದುರು ಧರಣಿ ಕೂರುತ್ತೀರಂತೆ. ನಿನ್ನ ಅಪ್ಪ ಉಡುಪಿಯಿಂದ ಫೋನು ಮಾಡಿ ಹೇಳಿದ. ಅವನ ದನಿಯಲ್ಲಿ ಅಂಜಿಕೆ ಇತ್ತು, ನನಗೆ ಸಂತೋಷವಾಯಿತು. ಕೂರು. ಹೆಂಗಸರು ಹೆಂಡದಂಗಡಿಯ ಎದುರು ಕೂರುವುದು ಹೊಸತಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಗಾಂಧೀಜಿ ಆ ಕೆಲಸವನ್ನು ವಿಶೇಷವಾಗಿ ಹೆಂಗಸರಿಗೇ ಒಪ್ಪಿಸಿದ್ದರು. ಕುಡಿಯುವವನ ಮನಸ್ಸಿಗೆ ನಾಟುವಂತೆ ಮಾತನಾಡಬಲ್ಲವರು ಹೆಂಗಸರೇ ಎಂಬುದು ಗಾಂಧೀಜಿಯವರ ನಂಬಿಕೆ.

ಆದರೆ ನಮ್ಮ ಮನೆಯ ಕಥೆಯೂ ನಿನಗೆ ಗೊತ್ತಿರಬೇಕು. ನಿನ್ನ ಅಜ್ಜ ಮೂರ್ತೆ ಮಾಡುತ್ತಿದ್ದವರು, ಅಂದರೆ ಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಕಾಲಿಗೆ ಮರ ಹತ್ತುವ ಬಳೆ ತಳೆ, ಸೊಂಟದಲ್ಲಿ ಕತ್ತಿ. ತೆಂಗಿನ ಹೊಂಬಾಳೆಯನ್ನು ತಟ್ಟಿ ತಟ್ಟಿ ಹದ ಮಾಡಿ, ದಿನವೂ ತುದಿಯನ್ನು ತೆಳ್ಳಗೆ ಕೆತ್ತಿ ಮಡಕೆ ಕಟ್ಟುತ್ತಿದ್ದರು. ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು ದೇವಸ್ಥಾನಗಳ ಒಳಗೆ ಬಿಡದ ನಮ್ಮಂಥವರಿಗಾಗಿ. ಮದ್ಯ ವಿಷ, ಅದನ್ನು ತಯಾರಿಸಬಾರದು, ಕೊಡಬಾರದು, ಕುಡಿಯಬಾರದು ಎಂದವರೂ ಅವರೇ. ಹೆಂಡ ಇಳಿಸಿ ಹೊಟ್ಟೆ ಹೊರೆಯುವವರಿಗೆ ಇದು ಎಷ್ಟು ಕಠಿಣವಾದ ಮಾತು, ಯೋಚಿಸು. ಆದರೂ ಅದನ್ನು ತಲೆಬಾಗಿ ಕೇಳಿದವರಿದ್ದರು. ದೇವಸ್ಥಾನ ಕೊಟ್ಟು, ವಿದ್ಯೆ ಕಲಿಯಿರಿ ಎಂದು ದಾರಿ ತೋರಿಸಿದ ಮೇಲೆ ಹೇಳಿದ ಮಾತು ಅದು.

ಸರ್ಕಾರದ ಪಾನನಿಷೇಧ ಬೇರೆ ರೀತಿಯಲ್ಲಿ ಬಂತು. 1937ರಲ್ಲಿ ಮದರಾಸು ಸರ್ಕಾರದ ಮುಖ್ಯಸ್ಥರಾಗಿದ್ದ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಶುರು ಮಾಡಿದ್ದು 1948ರಲ್ಲಿ ಇಡೀ ಮದರಾಸು ಪ್ರಾಂತ್ಯಕ್ಕೆ ಹಬ್ಬಿತು. ನಮ್ಮ ಜಿಲ್ಲೆ ಆಗ ಮದರಾಸಿಗೇ ಸೇರಿತ್ತು. ಅಜ್ಜನ ತಳೆ, ಕತ್ತಿ ಅಟ್ಟ ಸೇರಿದವು. ಮಡಕೆಗೆ ಸುಣ್ಣ ಬಳಿದು ರಸ ಹುಳಿಯಾಗದಂತೆ ಇಳಿಸಿ, ಬೆಲ್ಲ ಕಾಯಿಸಿ ಕೆಲವು ಕಾಲ ಮನೆ ನಡೆಸಿದರಂತೆ. ಕುಡಿಯುವವರು ಮಾತ್ರ ಕಳ್ಳಭಟ್ಟಿ ಹುಡುಕಿಕೊಂಡು ಹೋದರು.

ಆಂಧ್ರದ್ದನ್ನೂ ನೋಡು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅಕ್ಷರ ಕಲಿಯುವ ತರಗತಿಯಿಂದ ಎದ್ದುಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರ ಆ ಚಳವಳಿ ರಾಜ್ಯವನ್ನೇ ಅಲುಗಾಡಿಸಿತು, 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಅದನ್ನು ಸಡಿಲಿಸಿಯೂ ಬಿಟ್ಟರು. ಖಜಾನೆಗೆ ಅಬಕಾರಿ ಹಣ ಬೇಕು, ಮಗಳೇ. ಬ್ರಿಟಿಷರ ಕಾಲದಿಂದಲೂ ಇದೇ ಹಾಡು. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಅದನ್ನು ಕುಡಿಯುತ್ತಿದ್ದವರಲ್ಲಿ ಅನೇಕರು ಅಗ್ಗದ ವಿಸ್ಕಿಯ ಪ್ಯಾಕೆಟ್ಟಿಗೆ ಇಳಿದರು.

ಹಾಗೆಂದು ಆ ಹೆಂಗಸರ ಹೋರಾಟ ವ್ಯರ್ಥವೆಂದು ಯಾರಾದರೂ ಹೇಳಿದರೆ ಒಪ್ಪಬೇಡ. ಅಂಗಡಿ ಮುಚ್ಚಿದ್ದ ದಿನಗಳಲ್ಲಿ ಕೂಲಿಯ ದುಡ್ಡು ಅಕ್ಕಿಯಾಗಿ ಮನೆಗೆ ಬಂದದ್ದೂ ನಿಜವೇ. ನಾನು ಹೇಳುವುದು ಇಷ್ಟೇ: ಬಾಗಿಲು ಮುಚ್ಚಿಸಿದ ಮರುದಿನ ಸಂಜೆ ಆ ಗಂಡಸು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ನೀವು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಹಿಡಿಸಿದ್ದು ಇದೇ. ಶಿಬಿರ ಮುಗಿಸಿದವರನ್ನು ಅಲ್ಲಿಗೇ ಕೈಬಿಡದೆ ನವಜೀವನ ಸಮಿತಿಗೆ ಸೇರಿಸುತ್ತಾರೆ. ಕುಡಿತ ಬಿಟ್ಟವರು ಬಿಟ್ಟವರ ಜೊತೆ ಕೂರುತ್ತಾರೆ.

ಇನ್ನೊಂದು ಮಾತು, ಇದನ್ನು ಸಭೆಯಲ್ಲಿ ಓದಿ ಹೇಳು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಅಪಸ್ಮಾರ, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಿದೆ. ಮೊದಲು ವೈದ್ಯರಿಗೆ ತೋರಿಸಬೇಕು. ಯಾರ ಹೆಸರನ್ನೂ ಮೈಕಿನಲ್ಲಿ ಕೂಗಬೇಡಿ. ಅವರ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ.

ಜಿಲ್ಲಾಧಿಕಾರಿಗೂ ಅಬಕಾರಿ ಇಲಾಖೆಗೂ ಕೊಡುವ ಮನವಿಯ ಕರಡನ್ನು ಕಳುಹಿಸು, ತಿದ್ದಿ ಕೊಡುತ್ತೇನೆ. ಧರಣಿಯ ದಿನ ಬೆಳಗ್ಗಿನ ಬಸ್ಸಿಗೆ ಹೊರಟು ಬಂದು ನಿಮ್ಮ ಜೊತೆ ಕೂರುತ್ತೇನೆ. ದೊಡ್ಡಮ್ಮನೂ ಬರುತ್ತಾಳೆ.

ಇಂತಿ,
ನಿನ್ನ ದೊಡ್ಡಪ್ಪ