ಗಾಳಿಯಲ್ಲೂ ಮೇಜಿನಲ್ಲೂ ನನ್ನ ಕೈಬಿಡದವರಿಗೆ

ಹೋದ ತಿಂಗಳು ವಾಯುಪಡೆಯಿಂದ ನಿವೃತ್ತನಾಗಿ ಸಕಲೇಶಪುರದ ಮನೆಗೆ ಬಂದೆ. 22 ವರ್ಷದ ಸರ್ವೀಸು. ಲಾಗ್ ಬುಕ್‌ನ ಕೊನೇ ಪುಟದಲ್ಲಿರುವ ಹಾರಾಟದ ಮೊತ್ತ 3,412 ಗಂಟೆ. ಜಾಸ್ತಿ ಪಾಲು ಎಂಐ-17 ಹೆಲಿಕಾಪ್ಟರ್‌ನದ್ದು. ಬಂದವರೆಲ್ಲ ಆ ಗಂಟೆಗಳ ಕತೆಯನ್ನೇ ಕೇಳುತ್ತಾರೆ. ಮೊನ್ನೆ ಸುಮ್ನೆ ಕೂತು ಲೆಕ್ಕ ಹಾಕಿದೆ. 3,412 ಗಂಟೆ ಅಂದರೆ 142 ದಿನ. 22 ವರ್ಷದಲ್ಲಿ ಐದು ತಿಂಗಳೂ ಆಗಲಿಲ್ಲ!

ಉಳಿದದ್ದೆಲ್ಲ ನೆಲದ ಮೇಲೆ ಕಳೆದದ್ದು. ಪೈಲಟ್ ಅಂದರೆ ಹಾರುವುದಷ್ಟೇ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. 2003ರಲ್ಲಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಪೈಲಟ್ ಬಿಲ್ಲೆಯಾದ ವಿಂಗ್ಸ್ ಎದೆಗೇರಿದ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಸ್ಕ್ವಾಡ್ರನ್‌ಗೆ ಹೋದ ವಾರವೇ ಮೆಸ್ಸಿನ ಲೆಕ್ಕ ಕೈಗೆ ಬಂತು. ಆಮೇಲೆ ಸ್ಕ್ವಾಡ್ರನ್ನಿನ ಆಡಳಿತ ನೋಡುವ ಅಡ್ಜುಟೆಂಟ್ ಕೆಲಸ, ರಜೆ ಅರ್ಜಿ, ಸ್ಟೋರಿನ ಎಣಿಕೆ, ಡ್ಯೂಟಿ ಆಫೀಸರ್ ಸರದಿ, ಕೋರ್ಟ್ ಆಫ್ ಎನ್‌ಕ್ವೈರಿ ಅನ್ನುವ ಇಲಾಖೆಯೊಳಗಿನ ವಿಚಾರಣೆ. ಅಮ್ಮ ಪ್ರತಿ ಫೋನಿನಲ್ಲೂ ಮೊದಲು ಕೇಳುತ್ತಿದ್ದದ್ದು ಒಂದೇ: "ಇವತ್ತು ಗಾಳೀಲೋ, ಮೇಜಲ್ಲೋ?" ಮೇಜು ಅಂದರೆ ಅವರಿಗೆ ಸಮಾಧಾನ. ನನಗೆ ಬೇಜಾರು. ತುಂಬಾ ವರ್ಷ ಆ ಬೇಜಾರನ್ನು ಹೊತ್ತುಕೊಂಡೇ ಓಡಾಡಿದೆ. ಅದನ್ನು ಇಳಿಸಿದವರ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ.

ಮೊದಲು ನನ್ನ ಫ್ಲೈಟ್ ಕಮಾಂಡರ್ ಸರ್. ಆಗ ಈಶಾನ್ಯದಲ್ಲಿದ್ದೆವು. ಅರುಣಾಚಲದ ವಿಜಯನಗರದಂಥ ಊರುಗಳಿಗೆ, ಗಡಿಯ ಪೋಸ್ಟುಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ ಒಯ್ಯುವ ಕೆಲಸ. ಕಣಿವೆಯಲ್ಲಿ ಹೊತ್ತೇರಿದ ಹಾಗೆ ಮೋಡ ತುಂಬಿಕೊಳ್ಳುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಮೇಲೇಳಬೇಕು. ಫೈಲಿಗೆ ಅಂಥ ಹೊತ್ತುಗೊತ್ತು ಇಲ್ಲ. ಅದು ಮಧ್ಯಾಹ್ನಕ್ಕೆ, ಅಲ್ಲಿಂದ ಸಂಜೆಗೆ, ಅಲ್ಲಿಂದ ರಾತ್ರಿಗೆ ಜಾರುತ್ತದೆ. ಕೊನೆಗೆ ತಿನ್ನುವುದು ನಿದ್ದೆಯನ್ನು. ಒಂದು ದಿನ ಎನ್‌ಕ್ವೈರಿಯ ಕಾಗದ ಮುಗಿಸುವಷ್ಟರಲ್ಲಿ ರಾತ್ರಿ ಒಂದೂವರೆ. ಬೆಳಗ್ಗೆ ಐದಕ್ಕೆ ಬ್ರೀಫಿಂಗ್. ಸರ್ ನನ್ನ ಮುಖ ನೋಡಿ ಎಷ್ಟು ಹೊತ್ತು ಮಲಗಿದೆ ಅಂತ ಕೇಳಿದರು. ಮೂರು ಗಂಟೆ ಅಂದೆ. ಬೋರ್ಡಿನ ಮೇಲಿದ್ದ ನನ್ನ ಹೆಸರನ್ನು ಅಂಗೈಯಿಂದಲೇ ಒರೆಸಿದರು. ಆ ಜಾಗದಲ್ಲಿ ತಮ್ಮ ಹೆಸರು ಬರೆದುಕೊಂಡರು. ಒಂದು ಬೈಗುಳವೂ ಇಲ್ಲ. ಮಧ್ಯಾಹ್ನ ಹಾರಾಟ ಮುಗಿಸಿ ಬಂದು, ಬೆವರಿನ ಓವರಾಲ್‌ನಲ್ಲೇ ನನ್ನ ಪಕ್ಕ ಕೂತು ಬಾಕಿ ಫೈಲು ಮುಗಿಸಿಕೊಟ್ಟರು. ಮಾರನೇ ದಿನ ಬೆಳಗ್ಗೆ ಹಾರುವವರ ಮೇಜಿಗೆ ಸಂಜೆ ಆರರ ಮೇಲೆ ಕಾಗದ ಹೋಗಕೂಡದು ಅಂತ ಆ ವಾರವೇ ಹೇಳಿದರು. ಆಮೇಲೆ ನಾನು ಫ್ಲೈಟ್ ಕಮಾಂಡರ್ ಆದಾಗಲೂ ಅದನ್ನೇ ನಡೆಸಿದೆ. ಸರ್, ಅವತ್ತು ನಾಚಿಕೆಯಾಗಿತ್ತು. ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ.

ಅಡ್ಜುಟೆಂಟ್ ಆಫೀಸಿನ ಸಾರ್ಜೆಂಟ್ ಸಾಹೇಬರನ್ನು ಮರೆಯುವುದು ಹೇಗೆ? ಬಿಹಾರದವರು. ನಾನು ಹಾರಿ ಬರುವಷ್ಟರಲ್ಲಿ ಫೈಲುಗಳು ಎರಡು ಗುಡ್ಡೆಯಾಗಿರುತ್ತಿದ್ದವು. ಎಡಗಡೆ ಇವತ್ತೇ ಆಗಬೇಕಾದದ್ದು, ಬಲಗಡೆ ನಾಳೆಗೆ ತಡೆಯುವಂಥದ್ದು. ಎಡಗಡೆಯ ಗುಡ್ಡೆ ಯಾವತ್ತೂ ನಾಲ್ಕು ಬೆರಳು ದಾಟಲಿಲ್ಲ. ಹೇಗೆ ಸಂಭಾಳಿಸುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

2017ರಲ್ಲಿ ದೆಹಲಿಗೆ ವರ್ಗ. ವಾಯುಪಡೆಯ ಕೇಂದ್ರ ಕಚೇರಿಯಾದ ವಾಯು ಭವನದಲ್ಲಿ ಎರಡೂವರೆ ವರ್ಷ ಪೂರ್ತಿ ಮೇಜು. ಮರುವರ್ಷ ಆಗಸ್ಟ್‌ನಲ್ಲಿ ಕೇರಳ ಮುಳುಗಿತು, ಕೊಡಗಿನ ಗುಡ್ಡಗಳು ಕುಸಿದವು. ಶಿರಾಡಿ ಘಾಟ್ ಬಂದ್ ಆಗಿದೆ ಅಂತ ಮನೆಯಿಂದ ಫೋನು. ಟಿವಿಯಲ್ಲಿ ನಾನು ಹಾರಿಸಿದ ಅದೇ ಎಂಐ-17ಗಳು ತಾರಸಿ ಮೇಲಿಂದ ಜನರನ್ನು ಎತ್ತುತ್ತಿದ್ದವು. ನಾನು ಮಾತ್ರ ಇಲ್ಲಿ ಕಾಗದದ ಮುಂದೆ. ಅಷ್ಟು ಸಂಕಟ ನನಗೆ ಯಾವತ್ತೂ ಆಗಿರಲಿಲ್ಲ. ಹಾರಾಟಕ್ಕೆ ಕಳಿಸಿ ಅಂತ ಕೇಳಲು ನಮ್ಮ ಗ್ರೂಪ್ ಕ್ಯಾಪ್ಟನ್ ಹತ್ತಿರ ಹೋದೆ. ಅವರು ನನ್ನ ಫೈಲನ್ನೇ ತಿರುಗಿಸಿ ನನ್ನ ಮುಂದಿಟ್ಟರು. ಯಾವ ಹೆಲಿಕಾಪ್ಟರ್ ಸರ್ವಿಸಿಂಗ್‌ಗೆ ಬಂದಿದೆ, ಯಾವುದರ ಗೇರ್ ಬಾಕ್ಸ್ ಆಯುಷ್ಯ ಮುಗಿಯುತ್ತಿದೆ, ಬಿಡಿಭಾಗ ಎಲ್ಲಿದೆ, ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಅದು. "ಇದರಲ್ಲಿ ಒಂದು ಸಾಲು ಇವತ್ತು ತಡವಾದರೆ ನಾಳೆ ಒಂದು ಮೆಷಿನ್ ನೆಲದಲ್ಲೇ ಉಳಿಯುತ್ತೆ" ಅಂದರು. ಅಷ್ಟೇ. ಆ ಹತ್ತು ದಿನ ನಾನು ಮನೆಗೆ ಹೋದದ್ದು ಕಮ್ಮಿ.

ಅಲ್ಲಿಂದೀಚೆಗೆ ಫಾರ್ಮ್ 700 ನೋಡುವ ನನ್ನ ಕಣ್ಣೇ ಬೇರೆಯಾಯಿತು. ಪ್ರತಿ ವಿಮಾನಕ್ಕೂ ಇರುವ ಪುಸ್ತಕ ಅದು. ಹಾರುವ ಮುಂಚೆ ಎಂಜಿನ್, ಏರ್‌ಫ್ರೇಮ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್, ರೇಡಿಯೊದವರು ಒಬ್ಬೊಬ್ಬರಾಗಿ ನೋಡಿ ಸಹಿ ಹಾಕಿರುತ್ತಾರೆ. ಕ್ಯಾಪ್ಟನ್ ಸಹಿ ಎಲ್ಲಕ್ಕಿಂತ ಕೊನೆಗೆ. ಸರ್ವೀಸಿನ ಶುರುವಿನಲ್ಲಿ ಗಡಿಬಿಡಿಯಲ್ಲಿ ಗೀಚಿ ಓಡುತ್ತಿದ್ದೆ. ಆಮೇಲೆ ಪ್ರತಿ ಸಹಿಯನ್ನೂ ಓದತೊಡಗಿದೆ. ನಮ್ಮ ಎಂಜಿನ್ ಫಿಟ್ಟರ್ ಒಬ್ಬರು ಸಹಿ ಮಾಡುವ ಮುಂಚೆ ಗ್ರೀಸ್ ಹತ್ತಿದ ಬೆರಳನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಳ್ಳುತ್ತಿದ್ದರು. ಆದರೂ ಪುಟದ ಮೂಲೆಯಲ್ಲಿ ಹೆಬ್ಬೆರಳಿನ ಒಂದು ಮಸುಕು ಗುರುತು ಉಳಿದೇ ಇರುತ್ತಿತ್ತು. ಆ ಗುರುತು ನೋಡಿದರೆ ನನಗೆ ಧೈರ್ಯ.

ಎರಡೂವರೆ ವರ್ಷ ಬಿಟ್ಟು ಕಾಕ್‌ಪಿಟ್‌ಗೆ ಮರಳಿದಾಗ ನಡೆದದ್ದನ್ನೂ ಹೇಳಲೇಬೇಕು. ನಮ್ಮಲ್ಲಿ 'ಕರೆನ್ಸಿ' ಅನ್ನುತ್ತೇವೆ. ಇಂತಿಷ್ಟು ದಿನ ಹಾರದೆ ಹೋದರೆ ಅದು ಹೋಯಿತು. ಇನ್‌ಸ್ಟ್ರಕ್ಟರ್ ಪಕ್ಕ ಕೂತು, ನೋಡಿ, ಒಪ್ಪಿದ ಮೇಲೇ ಮತ್ತೆ ಕ್ಯಾಪ್ಟನ್. ಮೇಲೆ ಹೋದಾಗ ಎಲ್ಲ ಸರಿಯಿತ್ತು. ನೆಲದ ಹತ್ತಿರ ಹೆಲಿಕಾಪ್ಟರನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ಹೋವರ್‌ನಲ್ಲಿ ಬಣ್ಣ ಬಯಲಾಯಿತು. ಅತ್ತ ಸರಿದರೆ ಜಾಸ್ತಿ ತಿದ್ದುತ್ತಿದ್ದೆ, ಆಗ ಇತ್ತ ಸರಿಯುತ್ತಿತ್ತು. ಗ್ಲೌಸಿನೊಳಗೆ ಬೆರಳು ನೋಯುವಷ್ಟು ಬಿಗಿಯಾಗಿ ಸ್ಟಿಕ್ ಹಿಡಿದಿದ್ದೆ. ಇನ್‌ಸ್ಟ್ರಕ್ಟರ್ ನನಗಿಂತ ಎಂಟು ವರ್ಷ ಚಿಕ್ಕವರು, ರ‍್ಯಾಂಕಿನಲ್ಲೂ ಕೆಳಗೆ. "ಸರ್, ಮುಷ್ಟಿ ಸಡಿಲ ಬಿಡಿ" ಅಂದರು. ಅವತ್ತು ಪಾಸ್ ಮಾಡಲಿಲ್ಲ. ಮಾರನೇ ದಿನವೂ ಮಾಡಲಿಲ್ಲ. ಐದನೇ ಹಾರಾಟ ಮುಗಿದ ಮೇಲೆ ಸಹಿ ಹಾಕಿದರು. ನನ್ನ ಭುಜದ ಪಟ್ಟಿ ನೋಡಿ ಮೊದಲ ದಿನವೇ ಬಿಟ್ಟುಬಿಡಬಹುದಿತ್ತು ಅಲ್ವಾ? ಬಿಡಲಿಲ್ಲ. ನನ್ನ ಹಿಂದೆ ಕೂರುತ್ತಿದ್ದ ಜವಾನರ ಪರವಾಗಿಯೂ ಅವರಿಗೆ ದೊಡ್ಡ ಥ್ಯಾಂಕ್ಸ್.

ಹೆಂಡತಿಗೆ ಇಲ್ಲಿ ಎರಡು ಸಾಲು ಬರೆದರೆ ಸಾಲದು. ಒಂಬತ್ತು ಮನೆ ಬದಲಾಯಿಸಿದಳು. ಬೆಳಗ್ಗೆ ಹಾರಾಟ ಇದ್ದ ರಾತ್ರಿ ಮಗಳಿಗೆ ಜ್ವರ ಬಂದರೂ ನನ್ನನ್ನು ಎಬ್ಬಿಸದೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದವಳು. ಬಾಕಿಯದ್ದನ್ನು ಅವಳ ಮುಂದೆ ಕೂತೇ ಹೇಳುತ್ತೇನೆ.

ಇದನ್ನು ನಿನ್ನೆ ಸಾರ್ಜೆಂಟ್ ಸಾಹೇಬರಿಗೆ ಫೋನ್ ಮಾಡಿ ಹಿಂದಿಯಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, ಪೆನ್ಶನ್ ಕಾಗದ ಎಲ್ಲ ಸರಿಯಾಗಿ ಹೋಗಿದೆಯಾ ಸರ್, ಇಲ್ಲದಿದ್ದರೆ ನನಗೆ ಕಳಿಸಿ ಅಂದರು. ಕಾಗದ ಬೇಡ, ನೀವೇ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಅಂದಿದ್ದೇನೆ. ಡಿಸೆಂಬರ್‌ನಲ್ಲಿ ಬರುತ್ತಾರಂತೆ. ಅಮ್ಮ ಈಗಲೇ ಕಡುಬಿನ ಮಾತು ತೆಗೆದಿದ್ದಾರೆ.