ಹತ್ತು ಹೆಜ್ಜೆ

ಮಗಳೇ,

ಪುಣೆ ಬಸ್ಸು ಹತ್ತುವಾಗ ನೀನು ನನ್ನ ಕಡೆ ನೋಡಲಿಲ್ಲ. ತಪ್ಪು ನಂದೇ. ಗೋಕಾಕ ಫಾಲ್ಸ್‌ಗೆ ಹೋಗಿ ಬರ್ತೀವಿ ಅಂದಿದ್ದಕ್ಕೆ ನಿನ್ನ ಗೆಳತಿಯರ ಮುಂದೆ ಅಷ್ಟು ಜೋರು ಮಾಡಬಾರದಿತ್ತು. ಏನೇನು ಅಂದೆ ಅನ್ನೋದು ನಿನಗೇ ಗೊತ್ತು, ಮತ್ತೆ ಬರೆಯೋದಿಲ್ಲ.

ಇದೊಂದು ನಿನಗೆ ಗೊತ್ತಿಲ್ಲ. ನಿಮ್ಮವ್ವನಿಗೂ ಹೇಳಿಲ್ಲ. ನಿನಗಾಗ ಆರು ವರ್ಷ. ಆಗಸ್ಟ್ ತಿಂಗಳು, ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಇಬ್ಬರೂ ತೂಗು ಸೇತುವೆ ಮೇಲಿದ್ದೆವು. ಇನ್ನೂರು ಮೀಟರ್ ಉದ್ದದ ಸೇತುವೆ, ಅದರ ಕೆಳಗೆ ಹಾಯ್ದ ನೀರು ಮುಂದೆ 52 ಮೀಟರ್ ಆಳಕ್ಕೆ ಬೀಳುತ್ತದೆ. ನಡುವೆ ಬಂದಾಗ ಮಿಲ್ಲಿನ ಭೋಂಗಾ ಆಯಿತು. ಅಜ್ಜನ ಪಾಳಿ ಬಿಡುವ ಹೊತ್ತು. ಆ ಕಡೆ ತಿರುಗಿದೆ, ಅಷ್ಟೇ. ಕೈಯಲ್ಲಿ ನಿನ್ನ ಕೈ ಇರಲಿಲ್ಲ.

ಹತ್ತು ಹೆಜ್ಜೆ ಮುಂದೆ ನೀನು ಬಗ್ಗಿ ನೀರು ನೋಡುತ್ತಿದ್ದೆ. ಕೂಗಿದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಓಡಿದರೆ ಸೇತುವೆ ತೂಗುತ್ತದೆ, ನೀನು ಜೋಲಿ ಹೊಡೆದರೆ? ಒಂದೊಂದೇ ಹೆಜ್ಜೆ ಇಟ್ಟೆ. ಈಗಲೂ ರಾತ್ರಿ ಎಚ್ಚರವಾದರೆ ಆ ಹೆಜ್ಜೆ ಎಣಿಸುತ್ತೇನೆ. ಎಂಟನೆಯದಕ್ಕೆ ನೀನು ತಿರುಗಿದೆ. "ಅಪ್ಪಾ, ಈ ನೀರು ಎಲ್ಲಿಗೆ ಹೋಗ್ತದ?" ಅಂದೆ. ನಾನು ಬೆನ್ನಿಗೊಂದು ಏಟು ಕೊಟ್ಟೆ. ಉತ್ತರ ಹೇಳಲೇ ಇಲ್ಲ. ಕೃಷ್ಣೆಗೆ ಹೋಗುತ್ತದೆ ಮಗಳೇ.

ಮೊನ್ನೆ ಬೈದದ್ದು ನಿನಗಲ್ಲ, ಆ ಹತ್ತು ಹೆಜ್ಜೆಗೆ.

ಆದರೂ ಹೇಳುತ್ತೇನೆ, ಕೇಳು. ಮೇಲೆ ಹಿಡಕಲ್ ಡ್ಯಾಮಿನ ಗೇಟು ತೆಗೆದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಪಾಚಿ ಕಟ್ಟಿದ ಬಂಡೆಗೆ ಯಾವ ಚಪ್ಪಲಿಯೂ ನಿಲ್ಲೋದಿಲ್ಲ. ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳಬೇಡ. ಅಲ್ಲಿ ಎಲ್ಲರೂ ಮಳೆಗಾಲದಲ್ಲಿ ಲೋಣಾವಳಾ ಕಡೆ ಹೋಗುತ್ತಾರಂತೆ. ಹೋಗು, ಬೇಡ ಅನ್ನೋದಿಲ್ಲ. ಮೊದಲು ಊರವರನ್ನು ಕೇಳು. ಕತ್ತಲಾಗುವ ಮುಂಚೆ ಹೊರಡು. ಮತ್ತೆ ಪಾಠ ಶುರು ಮಾಡಿದೆ ಅಲ್ವಾ, ಇರಲಿ ಬಿಡು.

1887ರಲ್ಲೇ ಈ ನೀರಿನ ಬಲದಿಂದ ಮಿಲ್ಲು ಓಡಿಸಿದರು ಅಂತ ಅಜ್ಜ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು. ಜೀವನವೆಲ್ಲಾ ನೂಲಿನ ಧೂಳು ಕುಡಿದವರು. ಮೊಮ್ಮಗಳು ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದನ್ನು ನೋಡಲು ಅವರಿರಬೇಕಿತ್ತು. ನಾನು ನೋಡಿದೆ. ನಿನ್ನ ಮುಂದೆ ಹೇಳಲು ಬಾಯಿ ಬರಲಿಲ್ಲ.

ಕರದಂಟಿನ ಡಬ್ಬಿ ಕಟ್ಟೆ ಮೇಲೇ ಬಿಟ್ಟು ಹೋಗಿದ್ದೆ. ಕಳಿಸಿದ್ದೇನೆ, ರೂಮಿನವರಿಗೂ ಕೊಡು. ಮುಟ್ಟಿದ ಮೇಲೆ ಫೋನ್ ಮಾಡು. ಅವ್ವನಿಗಲ್ಲ, ನನಗೆ.

ನಿನ್ನ ಅಪ್ಪ